ಕೃತಕ ಬುದ್ಧಿಮತ್ತೆಯ ಭಾವಚಿತ್ರ: ವ್ಯಾಪಾರಿಗೆ ಎಷ್ಟು ಹಿತ?

ವ್ಯಾಪಾರದಲ್ಲಿ ಮುಖಪರಿಚಯಕ್ಕಿರುವ ಬೆಲೆಯನ್ನು ನಮ್ಮ ಸದಸ್ಯರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಹಿಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಯಜಮಾನರ ಮುಖವನ್ನು ನೋಡಿಯೇ ಗ್ರಾಹಕರು ಅಂಗಡಿಯ ಮೆಟ್ಟಿಲೇರುತ್ತಿದ್ದರು. ಇಂದು ದೂರದ ಊರಿನ ಖರೀದಿದಾರರು ನಮ್ಮನ್ನು ಮೊದಲು ಕಾಣುವುದು ಲಿಂಕ್ಡ್‌ಇನ್ ಪುಟದಲ್ಲಿ, ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆಯ ಪುಟ್ಟ ವೃತ್ತದಲ್ಲಿ, ಇಲ್ಲವೇ ವಸ್ತುಪ್ರದರ್ಶನದ ಕೈಪಿಡಿಯಲ್ಲಿ. ಆದ್ದರಿಂದ ಒಂದು ಒಳ್ಳೆಯ ಭಾವಚಿತ್ರವು ವ್ಯಾಪಾರದ ಅಗತ್ಯಗಳಲ್ಲಿ ಒಂದಾಗಿದೆ. ಸ್ಟುಡಿಯೋಗೆ ಹೋಗದೆ, ಮೊಬೈಲಿನಲ್ಲಿ ತೆಗೆದ ಕೆಲವು ಚಿತ್ರಗಳಿಂದಲೇ ಅಂತಹ ಭಾವಚಿತ್ರವನ್ನು ಸಿದ್ಧಪಡಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಎಲ್ಲರ ಕೈಗೂ ಎಟುಕುತ್ತಿವೆ. ಅವುಗಳ ಕಾರ್ಯವಿಧಾನವನ್ನೂ, ಅವನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಅನುಭವ

ನಾನು ಎರಕದ ಸಣ್ಣ ಘಟಕವೊಂದನ್ನು ನಡೆಸುತ್ತೇನೆ. ವಸ್ತುಪ್ರದರ್ಶನವೊಂದರ ಕೈಪಿಡಿಗೆ ಮಾಲೀಕರ ಭಾವಚಿತ್ರವನ್ನು ಎರಡು ದಿನಗಳೊಳಗೆ ಕಳುಹಿಸಬೇಕಾಗಿತ್ತು. ಸಮಯವಿಲ್ಲದ ಕಾರಣ ಅಂತಹ ಸಾಧನವೊಂದಕ್ಕೆ ನನ್ನ ಹತ್ತು ಚಿತ್ರಗಳನ್ನು ಒದಗಿಸಿದೆ. ಅರ್ಧ ಗಂಟೆಯೊಳಗೆ ನಲವತ್ತು ಭಾವಚಿತ್ರಗಳು ಬಂದವು. ಎಂದೂ ಕೋಟು ತೊಡದ ನನಗೆ ಕೋಟು, ಟೈ ತೊಡಿಸಲಾಗಿತ್ತು. ಹಣೆಯ ವಿಭೂತಿ ಮಾಯವಾಗಿತ್ತು. ಕುಲುಮೆಯ ಕಿಡಿ ತಗುಲಿ ಹುಬ್ಬಿನ ಮೇಲೆ ಉಳಿದಿದ್ದ ಕಲೆಯೂ ಇರಲಿಲ್ಲ. ಬಣ್ಣ ತಿಳಿಯಾಗಿ, ವಯಸ್ಸು ಹತ್ತು ವರ್ಷ ಇಳಿದಿತ್ತು. ಮನೆಯವರು ನಕ್ಕರೂ, ಅವುಗಳಲ್ಲಿ ಒಂದನ್ನು ಆರಿಸಿ ಕಳುಹಿಸಿಬಿಟ್ಟೆ.

ಪ್ರದರ್ಶನದ ಎರಡನೆಯ ದಿನ ಪುಣೆಯ ಖರೀದಿದಾರರೊಬ್ಬರು ಕೈಪಿಡಿಯನ್ನು ಹಿಡಿದು ನಮ್ಮ ಮಳಿಗೆಗೆ ಬಂದರು. ಎದುರಿಗೆ ನಿಂತಿದ್ದ ನನ್ನನ್ನೇ, ಮಾಲೀಕರು ಯಾವಾಗ ಬರುತ್ತಾರೆಂದು ಕೇಳಿದರು. ನಾನೇ ಮಾಲೀಕನೆಂದಾಗ ಚಿತ್ರವನ್ನೂ ನನ್ನನ್ನೂ ಎರಡು ಬಾರಿ ನೋಡಿದರು. ಅನಂತರ ಅವರು ಕೇಳಿದ ಪ್ರಶ್ನೆ ಮರೆಯುವಂತಹುದಲ್ಲ: ಅದೇ ಪುಟದಲ್ಲಿದ್ದ ಬಿಡಿಭಾಗಗಳ ಚಿತ್ರಗಳಾದರೂ ನಿಜವಾದ ಸರಕಿನವೇ ಎಂದು. ಅವು ನಿಜವಾದ ಚಿತ್ರಗಳೇ ಆಗಿದ್ದವು. ಆದರೂ ಮಾದರಿಗಳನ್ನು ತರಿಸಿಕೊಂಡು, ತಮ್ಮವರಿಂದ ಘಟಕವನ್ನು ಪರಿಶೀಲಿಸಿದ ಮೇಲೆಯೇ ಅವರು ಆರ್ಡರ್ ನೀಡಿದರು. ಅಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಮುಖದ ಮೇಲೆ ಹುಟ್ಟಿದ ಸಂದೇಹವು ಸರಕಿಗೂ ಹಬ್ಬುತ್ತದೆ ಎಂಬ ಪಾಠವನ್ನು ಅಂದು ಕಲಿತೆ.

ಕಾರ್ಯವಿಧಾನ

ಭಾವಚಿತ್ರವನ್ನು ತಿದ್ದುವುದು ಹೊಸದಲ್ಲ. ಫಿಲ್ಮ್ ಕಾಲದ ಸ್ಟುಡಿಯೋಗಳಲ್ಲಿ ನುರಿತ ಕೆಲಸಗಾರರು ನೆಗೆಟಿವ್‌ನ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಮೊಡವೆ, ಸುಕ್ಕುಗಳನ್ನು ಮರೆಮಾಡುತ್ತಿದ್ದರು. ಆದರೆ ಅವರು ತಿದ್ದುತ್ತಿದ್ದುದು ಕ್ಯಾಮರಾ ಕಂಡ ಮುಖವನ್ನೇ. ಇಂದಿನ ಸಾಧನಗಳಲ್ಲಿ ಹಲವು ಮುಖವನ್ನು ತಿದ್ದುವುದಿಲ್ಲ, ಹೊಸದಾಗಿ ಬರೆಯುತ್ತವೆ. ವ್ಯತ್ಯಾಸವಿರುವುದು ಇಲ್ಲಿಯೇ.

2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರರಚನಾ ಮಾದರಿಯು ಸಾರ್ವಜನಿಕರಿಗೆ ಮುಕ್ತವಾಯಿತು. ಇಂತಹ ಮಾದರಿಗೆ ತರಬೇತಿ ನೀಡುವಾಗ ಅಸಂಖ್ಯ ಚಿತ್ರಗಳ ಮೇಲೆ ಹಂತಹಂತವಾಗಿ ಚುಕ್ಕೆಗಳ ಗೊಂದಲವನ್ನು ಎರಚಲಾಗುತ್ತದೆ. ಆ ಗೊಂದಲವನ್ನು ತೆಗೆದು ಚಿತ್ರವನ್ನು ಮರಳಿ ಪಡೆಯುವುದನ್ನು ಗಣಕಯಂತ್ರ ಕಲಿಯುತ್ತದೆ. ಕಲಿತ ಮೇಲೆ ಬರಿಯ ಚುಕ್ಕೆಗಳಿಂದಲೇ ಹೊಸ ಚಿತ್ರವನ್ನು ಮೂಡಿಸಬಲ್ಲದು. ಅದೇ ತಿಂಗಳು ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಡ್ರೀಮ್‌ಬೂತ್ ವಿಧಾನವು ಒಬ್ಬ ವ್ಯಕ್ತಿಯ ಅಥವಾ ಒಂದು ವಸ್ತುವಿನ 3ರಿಂದ 5 ಚಿತ್ರಗಳಷ್ಟರಿಂದಲೇ ಅದರ ರೂಪವನ್ನು ಮಾದರಿಗೆ ಕಲಿಸಬಹುದೆಂದು ತೋರಿಸಿತು. ಹತ್ತಿಪ್ಪತ್ತು ಚಿತ್ರಗಳನ್ನು ಕೇಳಿ ಭಾವಚಿತ್ರಗಳ ಕಟ್ಟನ್ನೇ ಕೊಡುವ ಸೇವೆಗಳು ಬೆಳೆದದ್ದು ಈ ಬುನಾದಿಯ ಮೇಲೆ. 2025ರಲ್ಲಿ ಚಾಟ್‌ಜಿಪಿಟಿ ಮತ್ತು ಜೆಮಿನೈಗಳಲ್ಲಿ ಬಂದ ಹೊಸ ಚಿತ್ರಸೌಲಭ್ಯಗಳಿಗೆ ಒಂದೇ ಚಿತ್ರ ಮತ್ತು ಸರಳ ಮಾತಿನ ಸೂಚನೆ ಸಾಕು.

ಮುಖ ಬದಲಾಗುವುದೇಕೆ?

ಚಿತ್ರದಿಂದ ತಿಳಿಯದ ವಿವರವನ್ನು ಮಾದರಿಯು ತಾನು ಹಿಂದೆ ಕಂಡ ಚಿತ್ರಗಳ ಆಧಾರದ ಮೇಲೆ ಊಹಿಸಿ ತುಂಬುತ್ತದೆ. ಸ್ಟೇಬಲ್ ಡಿಫ್ಯೂಷನ್‌ನ ಆರಂಭಿಕ ತರಬೇತಿಗೆ ಬಳಸಿದ್ದು ಅಂತರಜಾಲದಿಂದ ಸಂಗ್ರಹಿಸಿದ, ಬಹುತೇಕ ಇಂಗ್ಲಿಷ್ ವಿವರಣೆಗಳಿದ್ದ ಚಿತ್ರಗಳನ್ನು. ಆ ರಾಶಿಯಲ್ಲಿ ‘ವೃತ್ತಿಪರ’ ಎಂಬ ಮಾತಿಗೆ ಅಂಟಿಕೊಂಡಿರುವುದು ಹೆಚ್ಚಾಗಿ ಪಾಶ್ಚಾತ್ಯ ಕಚೇರಿಯ ರೂಪ. ಹೀಗಾಗಿ ಪಂಚೆ, ಪೇಟ, ಕುಂಕುಮ, ಮೂಗುತಿಗಳು ‘ವೃತ್ತಿಪರ’ ಚಿತ್ರದಲ್ಲಿ ಉಳಿಯುವುದು ಕಷ್ಟ.

2023ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯು ಸ್ಟೇಬಲ್ ಡಿಫ್ಯೂಷನ್ ರಚಿಸಿದ 5,000ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿತು. ಹೆಚ್ಚು ಸಂಬಳದ ಹುದ್ದೆಗಳಿಗೆ ತಿಳಿಬಣ್ಣದ ಮುಖಗಳೂ, ಕಡಮೆ ಸಂಬಳದ ಕೆಲಸಗಳಿಗೆ ಕಪ್ಪುಬಣ್ಣದ ಮುಖಗಳೂ ಹೆಚ್ಚಾಗಿ ಮೂಡಿದ್ದುದು ಕಂಡುಬಂದಿತು. ಅದೇ ವರ್ಷ ಏಷ್ಯಾ ಮೂಲದ ಅಮೆರಿಕನ್ ಯುವತಿಯೊಬ್ಬರು ತಮ್ಮ ಚಿತ್ರವನ್ನು ವೃತ್ತಿಪರವಾಗಿಸುವಂತೆ ಒಂದು ಸಾಧನವನ್ನು ಕೇಳಿದಾಗ, ಅದು ಅವರಿಗೆ ಬಿಳಿಯ ಚರ್ಮವನ್ನೂ ನೀಲಿ ಕಣ್ಣುಗಳನ್ನೂ ನೀಡಿದ ಸಂಗತಿ ಸುದ್ದಿಯಾಯಿತು. ಹೊಸ ಸಾಧನಗಳು ಮೂಲ ಮುಖವನ್ನು ಮೊದಲಿಗಿಂತ ಚೆನ್ನಾಗಿ ಉಳಿಸಿಕೊಳ್ಳುತ್ತವೆ. ಆದರೂ ಒಂದೇ ಚಿತ್ರವನ್ನು ಮತ್ತೆ ಮತ್ತೆ ತಿದ್ದಿಸಿದಷ್ಟೂ ಮುಖವು ಸ್ವಲ್ಪಸ್ವಲ್ಪವಾಗಿ ಬೇರೆಯಾಗುವ ಸಂಭವವಿದೆ.

ಖರೀದಿದಾರರ ದೃಷ್ಟಿ

ಅತಿಯಾಗಿ ನುಣುಪಾದ ಮುಖವನ್ನು ಜನರು ಸಂದೇಹಿಸಲು ಕಾರಣವಿದೆ. 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಗಣಕಯಂತ್ರ ರಚಿಸಿದಂತೆ ತೋರುವ ಮುಖಗಳುಳ್ಳ 1,000ಕ್ಕೂ ಹೆಚ್ಚು ಲಿಂಕ್ಡ್‌ಇನ್ ಖಾತೆಗಳನ್ನು ಗುರುತಿಸಿದರು. ಅವುಗಳಲ್ಲಿ ಅನೇಕವನ್ನು ಮಾರಾಟದ ಪ್ರಸ್ತಾಪ ಕಳುಹಿಸಲು ಬಳಸಲಾಗುತ್ತಿತ್ತು. 2024ರ ಮೇ ತಿಂಗಳಿನಿಂದ ಲಿಂಕ್ಡ್‌ಇನ್, ಚಿತ್ರದ ಕಡತದಲ್ಲಿ ಮೂಲದ ಮಾಹಿತಿ ಅಡಕವಾಗಿದ್ದಲ್ಲಿ ಅದನ್ನು ನೋಡುಗರಿಗೆ ತೋರಿಸುವ ಏರ್ಪಾಡನ್ನು ಆರಂಭಿಸಿತು. ಜೆಮಿನೈ ರಚಿಸುವ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಸಿಂತ್‌ಐಡಿ ಗುರುತು ಇರುತ್ತದೆ. ಯಾರಿಗೂ ತಿಳಿಯದೆಂಬ ಭಾವನೆಯಿಂದ ಇಂತಹ ಚಿತ್ರವನ್ನು ಬಳಸುವುದು ಜಾಣತನವಲ್ಲ.

ಖಾಸಗಿ ಮಾಹಿತಿಯ ರಕ್ಷಣೆ

ಗುಪ್ತಸಂಕೇತವು ಬಯಲಾದರೆ ಬದಲಿಸಬಹುದು, ಮುಖವನ್ನು ಬದಲಿಸಲಾಗದು. ಒಬ್ಬ ವ್ಯಕ್ತಿಯನ್ನು ಗುರುತಿಸಬಲ್ಲ ಭಾವಚಿತ್ರವು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಅರ್ಥದಲ್ಲಿ ವೈಯಕ್ತಿಕ ದತ್ತಾಂಶವಾಗುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಕೈಗಾರಿಕೋದ್ಯಮಿಗಳು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಘಟಕದ ನೌಕರರೆಲ್ಲರ ಚಿತ್ರಗಳನ್ನು ಒಂದೇ ರೀತಿಯಾಗಿ ಕಾಣಿಸುವ ಸಲುವಾಗಿ ಅವರನ್ನು ಕೇಳದೆ ಇಂತಹ ಸೇವೆಗೆ ಒದಗಿಸುವುದು ಸಲ್ಲದು. ಲಿಖಿತ ಒಪ್ಪಿಗೆಯನ್ನು ಪಡೆಯುವುದು ಕ್ಷೇಮಕರ.

ಸದಸ್ಯರಿಗೆ ಕೆಲವು ಸೂಚನೆಗಳು

1. ಮೂಲ ಚಿತ್ರ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ನೇರ ಬಿಸಿಲು ಬೀಳದ ಕಿಟಕಿಗೆ ಮುಖಮಾಡಿ ನಿಲ್ಲಿರಿ. ಮೊಬೈಲಿನ ಹಿಂಬದಿಯ ಕ್ಯಾಮರಾವನ್ನು ಒರೆಸಿ, ಕಣ್ಣಿನ ಮಟ್ಟದಲ್ಲಿ, ನಾಲ್ಕೈದು ಅಡಿ ದೂರದಿಂದ ಬೇರೊಬ್ಬರು ಚಿತ್ರ ತೆಗೆಯಲಿ. ತೀರ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ.

2. ಸಾಧನಕ್ಕೆ ಹಿನ್ನೆಲೆ ಮತ್ತು ಬೆಳಕಿನ ಕೆಲಸವನ್ನು ಮಾತ್ರ ವಹಿಸಿರಿ. ಮುಖ, ಮೈಬಣ್ಣ, ವಯಸ್ಸು, ಕನ್ನಡಕ, ಹಣೆಯ ಗುರುತು, ಉಡುಪು ಇವನ್ನು ಬದಲಿಸಬಾರದೆಂದು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಿನ್ನೆಲೆಯನ್ನು ಬದಲಿಸುವಾಗಲೂ ನಮ್ಮದಲ್ಲದ ಭವ್ಯ ಕಚೇರಿಯನ್ನು ತೋರಿಸುವುದು ಬೇಡ. ಸರಳವಾದ ಒಂದೇ ಬಣ್ಣ ಸಾಕು.

3. ಬಂದ ಚಿತ್ರವನ್ನು ಮೂಲದ ಪಕ್ಕದಲ್ಲಿಟ್ಟು ಹೋಲಿಸಿರಿ. ಕಿವಿ, ಹಲ್ಲು, ಕೂದಲಿನ ಅಂಚು, ಮಚ್ಚೆ, ಕನ್ನಡಕದ ಕಡ್ಡಿ ಇವುಗಳಲ್ಲಿ ದೋಷ ಬೇಗ ಕಾಣುತ್ತದೆ. ಅನಂತರ ನಿಮ್ಮನ್ನು ದಿನವೂ ನೋಡುವ ಮೂವರಿಗೆ ತೋರಿಸಿರಿ. ಒಬ್ಬರು ಅನುಮಾನಿಸಿದರೂ ಆ ಚಿತ್ರವನ್ನು ಕೈಬಿಡಿರಿ.

4. ಪಾಸ್‌ಪೋರ್ಟ್, ವೀಸಾ, ಬ್ಯಾಂಕಿನ ಗುರುತುಪತ್ರ ಮುಂತಾದ ಅಧಿಕೃತ ಕೆಲಸಗಳಿಗೆ ಇಂತಹ ಚಿತ್ರವನ್ನು ಬಳಸಲೇಬಾರದು. ಉದಾಹರಣೆಗೆ, ಅಮೆರಿಕದ ವೀಸಾ ಅರ್ಜಿಗೆ ಡಿಜಿಟಲ್ ವಿಧಾನದಿಂದ ಮಾರ್ಪಡಿಸಿದ ಚಿತ್ರವು ಸಲ್ಲದು.

5. ಚಿತ್ರಗಳನ್ನು ಒದಗಿಸುವ ಮೊದಲು ಸೇವೆಯ ಷರತ್ತುಗಳನ್ನು ಓದಿರಿ. ಅವುಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಲಾಗುತ್ತದೆ, ಮುಂದಿನ ತರಬೇತಿಗೆ ಬಳಸಲಾಗುತ್ತದೆಯೇ, ಅಳಿಸುವ ಅವಕಾಶವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ಆ ಸೇವೆಯಿಂದ ದೂರವಿರುವುದು ಲೇಸು.

6. ಮೂಲ ಚಿತ್ರವನ್ನು ಜೋಪಾನವಾಗಿಡಿರಿ. ಯಾರಾದರೂ ಕೇಳಿದರೆ ಹಿನ್ನೆಲೆಯನ್ನು ತಿದ್ದಿಸಿರುವುದಾಗಿ ಹೇಳಲು ಸಂಕೋಚ ಬೇಡ.

ಸಮಯವಿದ್ದರೆ ಊರಿನ ಸ್ಟುಡಿಯೋದವರನ್ನೇ ಘಟಕಕ್ಕೆ ಕರೆಸಿ, ಮಾಲೀಕರ, ಯಂತ್ರಗಳ ಮತ್ತು ಸರಕಿನ ಚಿತ್ರಗಳನ್ನು ಒಟ್ಟಿಗೆ ತೆಗೆಸುವುದು ಇಂದಿಗೂ ಒಳ್ಳೆಯ ಮಾರ್ಗ. ಒಂದು ದಿನದ ಆ ಖರ್ಚು ಹಲವು ಕಾಲ ಉಪಯೋಗಕ್ಕೆ ಬರುತ್ತದೆ.

ಹೊಸ ಸಾಧನವನ್ನು ದೂರವಿಡಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಕತ್ತಲೆಯ ಚಿತ್ರವನ್ನು ಬೆಳಗಿಸಲು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಮರೆಮಾಡಲು ಅದು ನಿಜವಾಗಿಯೂ ನೆರವಾಗುತ್ತದೆ. ಆದರೆ ಭಾವಚಿತ್ರವು ಒಂದು ರೀತಿಯಲ್ಲಿ ನಾವು ಕಳುಹಿಸುವ ಮೊದಲ ಮಾದರಿ ಸರಕು. ಮಾದರಿಗೂ ಅನಂತರ ಬರುವ ಸರಕಿಗೂ ಹೊಂದಿಕೆಯಿರಬೇಕೆಂಬುದು ವ್ಯಾಪಾರದ ಹಳೆಯ ನಿಯಮ. ಕೈಪಿಡಿಯ ಮುಂದಿನ ಆವೃತ್ತಿಗೆ ನಾನು ಕಳುಹಿಸಿದ ಚಿತ್ರದಲ್ಲಿ ಹುಬ್ಬಿನ ಮೇಲಿನ ಕಲೆ ಇದ್ದ ಹಾಗೆಯೇ ಇದೆ.