ನಿಮಗಿದು ಗೊತ್ತೆ? ಎರಡು ಸ್ವರ ಕೇಳಿದರಷ್ಟೇ ಬಾಯಿಬಿಡುವ ವಾಕಿಟಾಕಿ

ಅಮೆರಿಕದ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಬೆಂಕಿ ಬಿದ್ದಾಗ ಅವರಲ್ಲಿ ಅನೇಕರನ್ನು ಮನೆಯಿಂದ ಕರೆಸುವುದು ಎರಡು ಸ್ವರಗಳ ಜೋಡಿ. ಕಂಟ್ರೋಲ್ ರೂಮ್ ಸಾಮಾನ್ಯವಾಗಿ ಮೊದಲ ಸ್ವರವನ್ನು 1 ಸೆಕೆಂಡ್, ಎರಡನೆಯದನ್ನು 3 ಸೆಕೆಂಡ್ ರೇಡಿಯೊದಲ್ಲಿ ಬಿತ್ತರಿಸುತ್ತದೆ. ಒಂದೊಂದು ಠಾಣೆಗೆ ಒಂದೊಂದು ಜೋಡಿ.

ಈ ಜೋಡಿಯನ್ನು ಗುರುತಿಸುವ ಸೌಲಭ್ಯವಿರುವ ವಾಕಿಟಾಕಿಯನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಚಾನೆಲ್ಲಿನ ಫ್ರೀಕ್ವೆನ್ಸಿಯ ಜೊತೆಗೆ ಎರಡೂ ಸ್ವರಗಳ ಹರ್ಟ್ಸ್ ಅಂಕಿಗಳನ್ನು ದಶಾಂಶ ಸಮೇತ ತುಂಬಬೇಕು, ಉದಾಹರಣೆಗೆ 349.0, ನಂತರ 433.7. ಆಮೇಲೆ ಅಕ್ಕಪಕ್ಕದ ಠಾಣೆಗಳ ಕರೆ ಬಂದರೂ ಸೆಟ್ಟು ತುಟಿಪಿಟಕ್ಕೆನ್ನದು. ತನ್ನ ಜೋಡಿ ಅದೇ ಕ್ರಮದಲ್ಲಿ ಬಂದರೆ ಮಾತ್ರ ಬೀಪ್ ಹೊಡೆದು, ಬೆಂಕಿ ಬಿದ್ದ ಜಾಗದ ವಿಳಾಸ ಕೇಳಿಸುತ್ತದೆ. ಸ್ವರಗಳ ಕ್ರಮ ಅದಲುಬದಲಾದರೆ ಅದು ಬೇರೆಯೇ ಕರೆ!