ತಲೆಬುರುಡೆಯೊಳಗಿನ ಲೆಕ್ಕ

ಸಿ.ಟಿ. ಸ್ಕ್ಯಾನ್ ಬರುವ ಮುಂಚೆ ಮಿದುಳಿನ ಗಡ್ಡೆ ಹುಡುಕಿಸಿಕೊಳ್ಳುವುದೆಂದರೆ ರೋಗಿಗೆ ನರಕಯಾತನೆ. ಸೊಂಟದ ಹತ್ತಿರ ಬೆನ್ನೆಲುಬಿನ ನಡುವೆ ಸೂಜಿ ಚುಚ್ಚಿ, ಮಿದುಳನ್ನು ಆವರಿಸಿರುವ ದ್ರವವನ್ನು ಇಳಿಸಿ, ಅದರ ಜಾಗಕ್ಕೆ ಗಾಳಿ ಏರಿಸುತ್ತಿದ್ದರು. ಎಕ್ಸ್‌ರೇಗೆ ಮೂಳೆ ಕಾಣುತ್ತದೆ, ಮೆತ್ತನೆಯ ಮಿದುಳು ಕಾಣುವುದಿಲ್ಲ. ಮಿದುಳಿನೊಳಗಿನ ಗಾಳಿ ತುಂಬಿದ ಕುಹರಗಳು ಯಾವ ಕಡೆಗೆ ವಾಲಿವೆ ಎಂದು ನೋಡಿ, ಗಡ್ಡೆ ಇಂಥಲ್ಲಿರಬೇಕು ಎಂದು ಊಹಿಸಬೇಕಿತ್ತು. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1919ರಲ್ಲಿ ವಿವರಿಸಿದ ಈ ವಿಧಾನ ಅರ್ಧ ಶತಮಾನ ಬಾಳಿತು. ತಲೆ ಸಿಡಿಯುವ ನೋವು, ವಾಂತಿ ಅದರ ಜೊತೆಗೇ ಬರುತ್ತಿದ್ದವು.

ಇದರಿಂದ ಬಿಡುಗಡೆ ಕೊಟ್ಟವರು ವೈದ್ಯರಲ್ಲ.

ಮೊದಲನೆಯವರು ಭೌತವಿಜ್ಞಾನಿ ಅಲನ್ ಕಾರ್ಮಾಕ್. 1956ರಲ್ಲಿ ಕೇಪ್‌ಟೌನಿನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಅರೆಕಾಲಿಕ ಕೆಲಸಕ್ಕಿದ್ದಾಗ ಅವರಿಗೊಂದು ಪ್ರಶ್ನೆ ಕಾಡಿತು. ಕ್ಯಾನ್ಸರಿಗೆ ವಿಕಿರಣ ಕೊಡುವಾಗ ದೇಹವೆಲ್ಲ ಒಂದೇ ಸಾಂದ್ರತೆಯದ್ದು ಎಂದು ಲೆಕ್ಕ ಹಾಕುವುದು ಸರಿಯೇ? ಹಲವು ದಿಕ್ಕುಗಳಿಂದ ಕಿರಣ ಹಾಯಿಸಿ, ಎಷ್ಟು ಒಳಗೇ ಉಳಿಯಿತು ಎಂದು ಅಳೆದರೆ ಒಳಗಿನ ನಕ್ಷೆಯನ್ನು ಗಣಿತದಿಂದಲೇ ಬಿಡಿಸಬಹುದೆಂದು ಅವರು ಕಂಡುಕೊಂಡರು. ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ ಇಂಥದ್ದೇ ಲೆಕ್ಕ ಬಿಡಿಸಿಟ್ಟಿದ್ದು ಅವರಿಗೆ ತಿಳಿದಿರಲಿಲ್ಲ. ಕಾರ್ಮಾಕರ ಲೇಖನಗಳು 1963 ಮತ್ತು 1964ರಲ್ಲಿ ಅಚ್ಚಾದವು, ಓದಿದವರು ಬೆರಳೆಣಿಕೆಯಷ್ಟು. ಪ್ರತಿ ಕೇಳಿ ಬರೆದ ಕೆಲವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರವೂ ಒಂದು!

ಎರಡನೆಯವರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಇಂಗ್ಲೆಂಡಿನ ರೈತ ಕುಟುಂಬದ ಹುಡುಗ, ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ರೇಡಾರ್ ಕಲಿತವರು, ಆಮೇಲೆ ಇಎಂಐ ಕಂಪನಿಯ ಎಂಜಿನಿಯರ್. ಆ ಕಂಪನಿ ಹೊರತಂದ ಬೀಟಲ್ಸ್ ಹಾಡುಗಳ ದುಡ್ಡಿನಿಂದಲೇ ಸಿ.ಟಿ. ಹುಟ್ಟಿತೆಂಬ ಕಥೆ ಇಎಂಐ ಹೆಸರಿಗೆ ಅಂಟಿಕೊಂಡಿದೆ. ಕೇಳಲು ಸೊಗಸು, ಅಷ್ಟೇ. ಬ್ರಿಟನ್ನಿನ ಆರೋಗ್ಯ ಇಲಾಖೆ ಹಾಕಿದ ಹಣವೇ ಹೆಚ್ಚು.

ಕಾರ್ಮಾಕರ ಸುದ್ದಿಯೇ ಗೊತ್ತಿಲ್ಲದೆ ಹೌನ್ಸ್‌ಫೀಲ್ಡ್ 1967ರಲ್ಲಿ ಅದೇ ಹಾದಿ ಹಿಡಿದರು. ಹಳೆಯ ಲೇತ್ ಯಂತ್ರದ ಹಾಸಿನ ಮೇಲೆ ಮೊದಲ ಉಪಕರಣ ಸಿದ್ಧವಾಯಿತು. ಅದರಲ್ಲಿ ಬಳಸಿದ ಅಮೆರಿಸಿಯಂ ಎಂಬ ವಿಕಿರಣಶೀಲ ಧಾತುವಿನ ಗಾಮಾ ಕಿರಣಗಳು ತೀರ ದುರ್ಬಲ. ಒಂದು ಚಿತ್ರಕ್ಕೆ 28 ಸಾವಿರ ಅಳತೆ ಸೇರಿಸಲು ಒಂಬತ್ತು ದಿನ, ಅದನ್ನು ಬಿಡಿಸಲು ಕಂಪ್ಯೂಟರಿಗೆ ಎರಡೂವರೆ ಗಂಟೆ ಬೇಕಾಯಿತು. ಎಕ್ಸ್‌ರೇ ಕೊಳವೆ ಜೋಡಿಸಿದ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ಪರೀಕ್ಷೆಗೆ ಕಸಾಯಿಖಾನೆಯಿಂದ ಎತ್ತಿನ ಮಿದುಳು ತರುತ್ತಿದ್ದರು.

1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ವಿಕಿರಣತಜ್ಞ ಜೇಮ್ಸ್ ಆಂಬ್ರೋಸ್ ಸಮ್ಮುಖದಲ್ಲಿ, ಮಹಿಳೆಯೊಬ್ಬರ ತಲೆಯನ್ನು ಈ ಯಂತ್ರ ಮೊದಲ ಬಾರಿಗೆ ಸ್ಕ್ಯಾನ್ ಮಾಡಿತು. ಅಳತೆಗಳನ್ನು ಟೇಪಿನಲ್ಲಿ ತುಂಬಿ ಇಎಂಐನ ಕಂಪ್ಯೂಟರಿಗೆ ಒಯ್ದರು. ಬಂದ ಚಿತ್ರದಲ್ಲಿ 80 ಸಾಲು, ಸಾಲಿಗೆ 80 ಚೌಕ. ಇಂದಿನ ಮೊಬೈಲ್ ಫೋಟೊದ ಮುಂದೆ ಏನೇನೂ ಅಲ್ಲ. ಆದರೂ ಸೌತೆಕಾಯಿಯನ್ನು ಬಿಲ್ಲೆಯಾಗಿ ಕೊಯ್ದಂತೆ ಮಿದುಳಿನ ಅಡ್ಡಕೊಯ್ತ ಕಾಣಿಸಿತು, ಅದರ ಮುಂಭಾಗದಲ್ಲಿ ಗಡ್ಡೆಯೂ ಕಾಣಿಸಿತು. ಶಸ್ತ್ರವೈದ್ಯರು ತೆರೆದಾಗ ಗಡ್ಡೆ ಅಲ್ಲೇ ಇತ್ತು.

ಅದೇ 1971ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಚಿತ್ರ ಕಟ್ಟುವ ಲೆಕ್ಕವನ್ನು ಬಹಳ ಹಗುರಗೊಳಿಸುವ ಗಣಿತವೊಂದನ್ನು ಪ್ರಕಟಿಸಿದರು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅದೇ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅವರಿಬ್ಬರ ಹೆಸರಿನ 'ರಾಮ್-ಲಾಕ್ ಫಿಲ್ಟರ್' ಇವತ್ತಿಗೂ ಟೊಮೊಗ್ರಫಿಯ, ಅಂದರೆ ಇಂಥ ಅಡ್ಡಕೊಯ್ತದ ಚಿತ್ರ ಕಟ್ಟುವ ವಿದ್ಯೆಯ, ಪಠ್ಯಪುಸ್ತಕಗಳಲ್ಲಿದೆ. ಕೊಲಾಜನ್ ಎಂಬ ಪ್ರೋಟೀನಿನ ರಚನೆ ಬಿಡಿಸಿದ್ದಕ್ಕಾಗಿ ರಾಮಚಂದ್ರನ್‌ರನ್ನು ನೆನೆಯುವ ನಾವು ಈ ಕೆಲಸವನ್ನು ಅಷ್ಟಾಗಿ ನೆನೆಯುವುದಿಲ್ಲ. 1979ರ ವೈದ್ಯಕೀಯ ನೊಬೆಲ್ ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್‌ಗೆ ಬಂತು. ಇಬ್ಬರಿಗೂ ಪಿಎಚ್.ಡಿ. ಇರಲಿಲ್ಲ.

ಈ ಲೆಕ್ಕದ ಬೆಲೆ ತಿಳಿಯುವುದು ತುರ್ತು ಚಿಕಿತ್ಸಾ ಘಟಕದಲ್ಲಿ. ಪಾರ್ಶ್ವವಾಯು ಬಡಿದು ಬಂದವರ ಬಾಯಿ ಸೊಟ್ಟಗಾಗಿರುತ್ತದೆ, ಕೈ ಎತ್ತಲು ಬರುವುದಿಲ್ಲ. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಒಡೆದಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವು. ಅದನ್ನು ಹೇಳುವುದು ಸಿ.ಟಿ. ಕಿರಣ ಎಷ್ಟು ಒಳಗೇ ಉಳಿಯಿತೆಂದು ತೋರಿಸುವ, ಹೌನ್ಸ್‌ಫೀಲ್ಡ್ ಹೆಸರಿನ ಅಳತೆಪಟ್ಟಿಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ ಒಂದು ಸಾವಿರ. ಮಿದುಳಿನೊಳಗೆ ಆಗಷ್ಟೇ ಸೋರಿದ ರಕ್ತದ ಅಂಕಿ ಸುತ್ತಲಿನ ಮಿದುಳಿಗಿಂತ ಮೇಲಿರುತ್ತದೆ, ಹಾಗಾಗಿ ತೆರೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಅದನ್ನು ನೋಡಿದ ಮೇಲೆಯೇ ಮದ್ದು ಕೊಡಬೇಕೋ ಬೇಡವೋ ಎಂಬ ತೀರ್ಮಾನ.