ಬಾಗಿಲಿನ ಆಚೆ, ಈಚೆ

ಬೆಣ್ಣೆಹಳ್ಳದ ದಂಡೆಯ ಯಮನೂರಿನಲ್ಲಿ ಕೆಲವರು ಚಾಂಗದೇವನೆಂದೂ ಕೆಲವರು ರಾಜಾಬಾಗ್ ಸವಾರನೆಂದೂ ನಡೆದುಕೊಳ್ಳುವ ಗದ್ದುಗೆಯಿದೆ. ಮಕ್ಕಳಿಗಾಗಿ ಹರಕೆ ಹೊರುವ ಈ ಸೀಮೆಯಲ್ಲಿ ಕೂಸಿನ ಉಸಿರು ಏರುಪೇರಾದರೆ ನವಲಗುಂದದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ. ದಾರಿಯ ಕೊನೆಗೆ ತೀವ್ರ ನಿಗಾ ಘಟಕದ ಬಾಗಿಲು. ಕೂಸು ಒಳಗೆ, ತಾಯಿ ಹೊರಗೆ. ಬಾಗಿಲು ತೆರೆದಾಗಲೆಲ್ಲ ಒಂದೇ ಪ್ರಶ್ನೆ: “ಸಿಸ್ಟರ್, ಕೂಸು ಹೆಂಗೈತ್ರಿ?”

ಒಳಗೆ ದಾದಿಯ ಕೆಲಸ ಕಣ್ಣು ಕೀಳಲು ಬಿಡುವಂಥದಲ್ಲ. ಮಕ್ಕಳಿಗೆ ಔಷಧವನ್ನು ತೂಕ ನೋಡಿ ಲೆಕ್ಕ ಹಾಕಬೇಕು. ದಶಮಾಂಶದ ಚುಕ್ಕಿ ಒಂದು ಸ್ಥಾನ ಬಲಕ್ಕೆ ಜರುಗಿದರೆ ಪ್ರಮಾಣ ಹತ್ತುಪಟ್ಟಾಗುತ್ತದೆ. ಉಸಿರಾಟದ ನಳಿಕೆ ಎಷ್ಟು ಸಪೂರವೆಂದರೆ ತುಸು ಕಫ ಕಟ್ಟಿದರೂ ಸಾಕು, ದಾರಿ ಮುಚ್ಚುತ್ತದೆ.

ಇಂಥ ದುಡಿಮೆಯಲ್ಲಿ ಬೆಳೆಯುವ ವೃತ್ತಿಬಳಲಿಕೆಗೆ, ಅಂದರೆ ಬರ್ನ್‌ಔಟ್‌ಗೆ, 1974ರಲ್ಲಿ ಆ ಹೆಸರಿನಲ್ಲಿ ರೂಪ ಕೊಟ್ಟವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು: ಭಾವ ಬತ್ತುವುದು, ಎದುರಿನವರಿಂದ ಮನಸ್ಸು ದೂರ ಸರಿಯುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆನ್ನಿಸುವುದು. ನಿದ್ದೆಯಿಂದ ನೀಗುವ ದಣಿವು ಇದಲ್ಲ. ಮಾಡಬೇಕಾದದ್ದು ಗೊತ್ತಿದ್ದೂ ಮಾಡಲಾಗದ ನೈತಿಕ ಸಂಕಟ ಇದನ್ನು ಇನ್ನಷ್ಟು ಬಲಿಸುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಯೆನ್ನದೆ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿತು. ಆ ಭೇದ ಮುಖ್ಯ. ದೋಷವನ್ನು ದಾದಿಯ ಸ್ವಭಾವದಲ್ಲಲ್ಲ, ದುಡಿಮೆಯ ವ್ಯವಸ್ಥೆಯಲ್ಲಿ ಹುಡುಕಬೇಕಾಗುತ್ತದೆ.

ಎರಡನೆಯ ಎಳೆ, ಮನಸ್ಸು ದೂರ ಸರಿಯುವುದು, ಮೊದಲು ಕಾಣಿಸುವುದು ಬಾಗಿಲಲ್ಲೇ. ಬಳಲಿದ ದಾದಿಯ ಉತ್ತರ ಗಿಡ್ಡವಾಗುತ್ತದೆ. ಉತ್ತರ ಗಿಡ್ಡವಾದಷ್ಟೂ ಮನೆಯವರ ಆತಂಕ ಹೆಚ್ಚಿ, ಪ್ರಶ್ನೆ ಮರಳಿ ಮರಳಿ ಬರುತ್ತದೆ, ಒಮ್ಮೊಮ್ಮೆ ಸಿಟ್ಟಾಗಿ. ಸಿಟ್ಟು ಅವಳನ್ನು ಮತ್ತಷ್ಟು ಹಿಂದಕ್ಕೆ ಸರಿಸುತ್ತದೆ.

ಈ ಸುಳಿಯನ್ನು ಮುರಿಯುವ ಒಂದು ದಾರಿ ಬಾಗಿಲನ್ನೇ ತೆರೆಯುವುದು. ನವಜಾತ ಶಿಶುಗಳ ಘಟಕಗಳಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಮನೆಯವರನ್ನು ಒಳಗೆ ಕರೆದು ಆರೈಕೆ ಕಲಿಸುವ ‘ಕುಟುಂಬ ಸಹಭಾಗಿ ಆರೈಕೆ’ಯ ಮಾರ್ಗಸೂಚಿ ಹೊರಡಿಸಿತು. ಕೊಪ್ಪಳ ಜಿಲ್ಲೆಯಲ್ಲಿ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ವಿಸ್ತರಿಸುವ ಸಂಶೋಧನೆ ನಡೆಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಆದರೆ ತಾಯಂದಿರನ್ನು ದಾದಿಯರ ಕೊರತೆ ತುಂಬಲು ಬಳಸುವುದು ತಪ್ಪು. ಕಲಿಸುವುದಕ್ಕೂ ಸಮಯ ಬೇಕು, ಆ ಸಮಯವೂ ಪಾಳಿಯ ಲೆಕ್ಕದೊಳಗೆ ಸೇರಬೇಕು.

ಕಲಿಸುವ ಆ ಗಳಿಗೆಯಲ್ಲಿ ಕೈಗೆ ಬರುವುದು ಕೂಸಿಗೆ ಹಾಲು ಕುಡಿಸುವ ಹಳೆಯ ಒಳಲೆ. ಹಿಂಡಿದ ಎದೆಹಾಲು ತುಂಬಿದ ಒಳಲೆಯ ಮೂತಿಯನ್ನು ಕೂಸಿನ ತುಟಿಯಂಚಿಗೆ ತಾಗಿಸಿ, ಗುಟುಕು ಇಳಿದ ಮೇಲಷ್ಟೇ ಮತ್ತೆ ಬಾಗಿಸಬೇಕು. ಮೊದಲು ತಾಯಿಯ ಕೈ ನಡುಗುತ್ತದೆ. ಅದರ ಕೆಳಗೆ ದಾದಿಯ ಕೈ ಇರುತ್ತದೆ. ಮೂರ್ನಾಲ್ಕು ಗುಟುಕಿನ ಹೊತ್ತಿಗೆ ಕೆಳಗಿನ ಕೈ ಸದ್ದಿಲ್ಲದೆ ಸರಿಯುತ್ತದೆ, ಮೇಲಿನದು ನಿಂತಲ್ಲೇ ನಿಂತಿರುತ್ತದೆ.